ಜೇನುನೊಣಗಳು ತಮ್ಮ ಗೂಡನ್ನು ರೋಗದಿಂದ ಕಾಯುವ ಬಗೆ

ಕಳೆದ ವರ್ಷ ದೀಪಾವಳಿಯ ರಜೆಯು ಮುಗಿದು ಶಾಲೆಯು ತೆರೆದ ಮೂರನೆಯ ದಿನ, ಒಂಬತ್ತನೆಯ ಇಯತ್ತೆಯ ನಾಲ್ವರು ಹುಡುಗಿಯರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಅವರಲ್ಲೊಬ್ಬಳ ಅಂಗೈಯಲ್ಲಿ ಒಂದು ಕಾಗದದ ಚೂರು. ಅದರ ಮೇಲೆ ನೆನೆದ ಅಕ್ಕಿಕಾಳಿನಂಥ ಮೂರು ನಾಲ್ಕು ಬಿಳಿಯ ಹುಳುಗಳು. ನಮ್ಮ ಹಿತ್ತಲ ಗೋಡೆಯ ಕಲ್ಲುಸಂದಿನಲ್ಲಿ ಎರಡು ವರ್ಷಗಳಿಂದ ಒಂದು ಜೇನುಕುಟುಂಬವು ವಾಸವಾಗಿತ್ತು. ಆ ಸಂದಿನ ಬಾಯಿಂದ ನೊಣಗಳು ಈ ಹುಳುಗಳನ್ನು ಕಚ್ಚಿ ಎಳೆದು ತಂದು ಕೆಳಗೆ ಕೆಡವುತ್ತಿರುವುದನ್ನು ಅವರು ಕಂಡಿದ್ದರು. "ಬಾಯಿಯವರೇ, ಇವು ತಮ್ಮ ಮಕ್ಕಳನ್ನೇ ಹೊರಗೆ ಎಸೆಯುತ್ತಿವೆ. ಇಂಥ ನಿರ್ದಯ ಪ್ರಾಣಿಯನ್ನು ನೀವು ಪ್ರತಿವರ್ಷ ನಮಗೆ ಮಾದರಿಯಾಗಿ ತೋರಿಸುವಿರಲ್ಲ!" ಎಂದು ಅವಳು ಕೇಳಿದಳು. ಅಷ್ಟರಲ್ಲಿ ನಮ್ಮ ಕಾವಲುಗಾರನು ಸೀಮೆಎಣ್ಣೆಯ ಡಬ್ಬಿಯನ್ನೂ ಹಳೆಯ ಬಟ್ಟೆಯನ್ನೂ ಹಿಡಿದುಕೊಂಡು ಬಂದಿದ್ದನು. ರೋಗ ತಗುಲಿದ ಗೂಡನ್ನು ಸುಟ್ಟುಬಿಡುವುದೇ ಲೇಸೆಂಬುದು ಅವನ ಅಭಿಪ್ರಾಯ.

ನಾನು ಡಬ್ಬಿಯನ್ನು ಕೆಳಗಿಡಿಸಿ ಹುಡುಗಿಗೆ ಉತ್ತರ ಹೇಳತೊಡಗಿದೆನು. ಆದರೆ ತರಗತಿಯ ಗಂಟೆ ಬಾರಿಸಿದ್ದರಿಂದ ಆ ಉತ್ತರವು ಅರ್ಧಕ್ಕೇ ನಿಂತಿತು. ಅದನ್ನು ಈ ಸಂಚಿಕೆಯಲ್ಲಿ ಪೂರ್ಣಗೊಳಿಸಬೇಕೆಂದಿದ್ದೇನೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಗೃಹಿಣಿಯರಾಗಿದ್ದಾರೆ. ಅವರಲ್ಲಿ ಕೆಲವರ ಅಂಗಳದಲ್ಲಿ ಜೇನುಪೆಟ್ಟಿಗೆಗಳಿವೆ. ಉದ್ಯಮಬಾಗದ ಎರಕದ ಕಾರಖಾನೆಗಳಲ್ಲಿ ದುಡಿಯುವ ಪಾಲಕರ ಮನೆಯ ಮಾಡಿನಲ್ಲಿಯೂ ಜೇನು ಬಂದು ಕೂಡುವುದುಂಟು. ಆದುದರಿಂದ ಈ ವಿಷಯವು ಎಲ್ಲರಿಗೂ ಉಪಯುಕ್ತವಾಗಬಹುದು.

ಮೊದಲು ನಮ್ಮ ನಾಡಿನ ಜೇನುಗಳ ಪರಿಚಯವನ್ನು ಮಾಡಿಕೊಳ್ಳೋಣ. ಎತ್ತರವಾದ ಮರದ ಕೊಂಬೆಗೂ ಬಂಡೆಯ ಮಗ್ಗುಲಿಗೂ ಒಂದೇ ದೊಡ್ಡ ಎರಿಯನ್ನು ಕಟ್ಟುವುದು ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿಯನ್ನು ಕಟ್ಟುವುದು ಕೋಲ್ಜೇನು. ಗೋಡೆಯ ಸಣ್ಣ ರಂಧ್ರದಲ್ಲಿ ಅಂಟಿನ ಕೊಳವೆಯನ್ನು ಬಾಗಿಲಾಗಿ ಮಾಡಿಕೊಂಡಿರುವುದು ಕೊಂಡಿಯಿಲ್ಲದ ನಸರಿ. ಮರದ ಪೊಟರೆ, ಹುತ್ತ, ಕಲ್ಲುಸಂದು ಮುಂತಾದ ಕತ್ತಲೆಯ ಸ್ಥಳಗಳಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವುದು ತುಡುವೆ. ಇದನ್ನು ಮರಾಠಿಯಲ್ಲಿ ಸಾತೇರಿ ಎನ್ನುವರು. ಪೆಟ್ಟಿಗೆಯಲ್ಲಿ ಸಾಕಲು ಬರುವ ನಮ್ಮ ದೇಶದ ನೊಣವು ಈ ತುಡುವೆಯೇ. ಇವಲ್ಲದೆ ಪರದೇಶದಿಂದ ತಂದ ಇಟಾಲಿಯನ್ ಜೇನು ಈಗ ಅನೇಕ ಕಡೆಗಳಲ್ಲಿದೆ. ನಮ್ಮ ಗೋಡೆಯಲ್ಲಿದ್ದದ್ದು ತುಡುವೆ. ಈ ಲೇಖನವು ಮುಖ್ಯವಾಗಿ ಅದರ ವಿಷಯವಾಗಿಯೇ ಇದೆ.

ಪೆಟ್ಟಿಗೆಯಲ್ಲಿ ಜೇನು ಸಾಕುವ ವಿದ್ಯೆಯು ಹಳೆಯದಲ್ಲ. ಎರಿಗಳನ್ನು ಒಡೆಯದೆ ಒಂದೊಂದಾಗಿ ಎತ್ತಿ ನೋಡಲು ಬರುವ ಚೌಕಟ್ಟಿನ ಪೆಟ್ಟಿಗೆಗೆ ಅಮೇರಿಕದಲ್ಲಿ ೧೮೫೨ರಲ್ಲಿ ಹಕ್ಕುಪತ್ರವನ್ನು ಪಡೆದವರು ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಗಳು. ಅವರು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರೂ ಆಗಿದ್ದರೆಂಬುದನ್ನು ಓದಿದಾಗ ನನಗೆ ವಿಶೇಷ ಸಂತೋಷವಾಯಿತು. ನಮ್ಮ ಚಿಕ್ಕ ತುಡುವೆಗೆ ಒಗ್ಗುವ ಚಿಕ್ಕ ಪೆಟ್ಟಿಗೆಯನ್ನು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿ ಫಾದರ್ ನ್ಯೂಟನ್ನರು ರೂಪಿಸಿ ಅನೇಕರಿಗೆ ಕಲಿಸಿದರು. ಅದು ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಕೊಡಗಿನ ವಿರಾಜಪೇಟೆಯಲ್ಲಿ ೧೯೩೬ರಲ್ಲಿ ಜೇನು ಸಾಕುವವರ ಸಹಕಾರ ಸಂಘವು ಹುಟ್ಟಿತು. ಹೀಗೆ ಮಲೆನಾಡಿನ ಬಡ ಒಕ್ಕಲಿಗರ ಮನೆಗೆ ಜೇನು ಒಂದು ಆದಾಯವಾಯಿತು.

ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಯ ಒಂದು ಹಳ್ಳಿ ನನ್ನ ತಾಯಿಯ ತೌರೂರು. ಅಲ್ಲಿ ನನ್ನ ಅಜ್ಜನು ಏಳು ಪೆಟ್ಟಿಗೆಗಳನ್ನು ಇಟ್ಟಿದ್ದನು. ನೇರಳೆಯ ಹೂವಿನ ಕಾಲ ಮುಗಿದ ಮೇಲೆ ಅವನು ತುಪ್ಪ ತೆಗೆಯುವ ದಿನವು ನಮಗೆಲ್ಲ ಹಬ್ಬವಾಗಿತ್ತು. ನನಗೆ ಹತ್ತು ಹನ್ನೊಂದು ವರ್ಷವಾಗಿದ್ದಾಗ, ೧೯೯೨ರ ಸುಮಾರಿಗೆ, ಆ ಹಬ್ಬವು ನಿಂತುಹೋಯಿತು. ಒಂದು ಪೆಟ್ಟಿಗೆಯಲ್ಲಿ ಮರಿಗಳು ಸತ್ತವು. ಅಜ್ಜನು ಆ ಕುಟುಂಬಕ್ಕೆ ಬಲ ಬರಲೆಂದು ಪಕ್ಕದ ಪೆಟ್ಟಿಗೆಯ ಎರಿಯನ್ನು ಇದಕ್ಕೂ ಇದರದನ್ನು ಅದಕ್ಕೂ ಬದಲಾಯಿಸಿದನು. ಸಂತೆಯಲ್ಲಿ ಯಾರೋ ಮಾರಿದ ಒಂದು ಪುಡಿಯನ್ನು ಸಕ್ಕರೆಯ ಪಾಕದಲ್ಲಿ ಕಲಸಿ ಇಟ್ಟನು. ಮಳೆಗಾಲ ಬರುವಷ್ಟರಲ್ಲಿ ಏಳೂ ಪೆಟ್ಟಿಗೆಗಳು ಬರಿದಾಗಿದ್ದವು. ಅವನು ಅವುಗಳನ್ನು ಹಿತ್ತಲಿನಲ್ಲಿ ಒಟ್ಟಿ ಸುಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತನ್ನ ಕೈಯಿಂದಲೇ ರೋಗವು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಯಿತೆಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿಯದೆ ಇದ್ದದ್ದೇ ಒಳ್ಳೆಯದೆಂದು ನನಗೆ ಒಮ್ಮೊಮ್ಮೆ ತೋರುತ್ತದೆ.

ಈ ರೋಗಕ್ಕೆ ಥಾಯ್ ಸ್ಯಾಕ್‌ಬ್ರೂಡ್ ಎಂದು ಹೆಸರು. ಅದು ೧೯೭೬ರಲ್ಲಿ ಥಾಯ್ಲೆಂಡ್ ದೇಶದಲ್ಲಿ ಕಂಡುಬಂದು, ಆ ದಶಕದ ಕೊನೆಗೆ ಭಾರತದ ಈಶಾನ್ಯ ಭಾಗವನ್ನು ಹೊಕ್ಕು, ೧೯೯೧-೯೨ರಲ್ಲಿ ದಕ್ಷಿಣ ಭಾರತವನ್ನು ವ್ಯಾಪಿಸಿತು. ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಸಾಕಿದ ತುಡುವೆಯ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನಾಶವಾದವೆಂದು ಅಂದಾಜು ಮಾಡಿದ್ದಾರೆ. ರೋಗಕ್ಕೆ ಕಾರಣವಾದದ್ದು ವೈರಸ್ಸು ಎಂಬ ಅತಿ ಸೂಕ್ಷ್ಮವಾದ ರೋಗಾಣು. ಆರೋಗ್ಯವಾದ ಹುಳುವು ಮೇಣದ ಮುಚ್ಚಳದ ಕೆಳಗೆ ಕೋಶಾವಸ್ಥೆಯನ್ನು ಸೇರಿ ನೊಣವಾಗುವುದು. ರೋಗ ತಗುಲಿದ ಹುಳುವು ಕೊನೆಯ ಚರ್ಮವನ್ನು ಕಳಚಲಾರದು. ಚರ್ಮಕ್ಕೂ ದೇಹಕ್ಕೂ ನಡುವೆ ನೀರು ತುಂಬಿ ಅದು ಒಂದು ಚಿಕ್ಕ ಚೀಲದಂತಾಗಿ, ತಲೆಯನ್ನು ಮೇಲೆತ್ತಿಕೊಂಡು ಕಣದಲ್ಲಿ ನೆಟ್ಟಗೆ ಬಿದ್ದಿರುವುದು. ಕೊನೆಗೆ ಒಣಗಿ ದೋಣಿಯಾಕಾರದ ಕಪ್ಪು ಸಿಪ್ಪೆಯಾಗುವುದು. ವೈರಸ್ಸಿನ ಮೇಲೆ ಪ್ರತಿಜೀವಕ ಔಷಧಿಗಳ ಆಟ ನಡೆಯದು. ಆದುದರಿಂದ ಅಜ್ಜನ ಪುಡಿಯು ಏನಾಗಿದ್ದರೂ ಅದರಿಂದ ಪ್ರಯೋಜನವಿರಲಿಲ್ಲ.

ಆದರೂ ತುಡುವೆಯು ನಮ್ಮ ನಾಡಿನಿಂದ ಅಳಿಯಲಿಲ್ಲ. ಔಷಧವಿಲ್ಲದ ರೋಗದಿಂದ ಅದು ಉಳಿದದ್ದು ಹೇಗೆ? ಇದಕ್ಕೆ ಉತ್ತರವನ್ನು ತಿಳಿಯಬೇಕಾದರೆ ಜೇನಿನ ಆರೋಗ್ಯವೆಂದರೆ ಏನೆಂಬುದನ್ನು ವಿಚಾರಿಸಬೇಕು.

ಒಂದೊಂದು ನೊಣದ ದೇಹದಲ್ಲಿಯೂ ರಕ್ಷಣೆಯ ಸಾಧನಗಳಿವೆ. ಗಟ್ಟಿಯಾದ ಹೊರಚರ್ಮವಿದೆ, ರಕ್ತದಲ್ಲಿ ರೋಗಾಣುಗಳನ್ನು ಕೊಲ್ಲುವ ದ್ರವ್ಯಗಳು ಹುಟ್ಟುತ್ತವೆ. ಆದರೆ ೨೦೦೬ರಲ್ಲಿ ಇಟಾಲಿಯನ್ ಜೇನಿನ ಜಾತಿಯ ವಂಶವಾಹಿಗಳನ್ನು ಪೂರ್ಣವಾಗಿ ಓದಿದಾಗ ಪಂಡಿತರಿಗೆ ಒಂದು ಆಶ್ಚರ್ಯವು ಕಾದಿತ್ತು. ರೋಗನಿರೋಧಕ್ಕೆ ಸಂಬಂಧಿಸಿದ ವಂಶವಾಹಿಗಳು ಜೇನಿನಲ್ಲಿ ಹಣ್ಣುನೊಣದಲ್ಲಿರುವುದರ ಮೂರರಲ್ಲೊಂದು ಪಾಲಿನಷ್ಟು ಮಾತ್ರ ಕಂಡುಬಂದವು. ಸಾವಿರಾರು ಜೀವಿಗಳು ಮೈಗೆ ಮೈ ತಗುಲಿಸಿಕೊಂಡು ಒಂದೇ ಬೆಚ್ಚಗಿನ ಮನೆಯಲ್ಲಿ ಬದುಕುವ ಪ್ರಾಣಿಗೆ ಇಷ್ಟು ಕಡಿಮೆ ಆಯುಧಗಳು ಸಾಕಾಗುವುದು ಹೇಗೆ? ಉಳಿದ ರಕ್ಷಣೆಯು ಒಂಟಿ ನೊಣದ ಮೈಯಲ್ಲಿಲ್ಲ. ಅದು ಮನೆಯ ನಡತೆಯಲ್ಲಿದೆ. ಈ ನಡತೆಯ ಅಂಗಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಶುಚಿತ್ವ. ಆರೋಗ್ಯವಾದ ನೊಣವು ಗೂಡಿನೊಳಗೆ ಮಲವಿಸರ್ಜನೆ ಮಾಡುವುದಿಲ್ಲ. ಅದಕ್ಕಾಗಿ ಹೊರಗೆ ಹಾರಿಹೋಗುವುದು. ಒಳಗೆ ಸತ್ತ ನೊಣವನ್ನು ಹೊತ್ತು ದೂರಕ್ಕೆ ಒಯ್ದು ಹಾಕುವ ಕೆಲಸಕ್ಕೆ ಕೆಲವು ನೊಣಗಳು ಪ್ರತ್ಯೇಕವಾಗಿ ತೊಡಗಿರುತ್ತವೆ. ರಾಣಿಯು ತತ್ತಿಯಿಡುವ ಮುನ್ನ ಪ್ರತಿ ಕಣವನ್ನೂ ನೆಕ್ಕಿ ಶುದ್ಧಮಾಡುವರು. ಈ ಚಾಕರಿಯು ಆಗತಾನೆ ಹುಟ್ಟಿದ ಎಳೆಯ ನೊಣಗಳ ಮೊದಲ ಪಾಠವಾಗಿದೆ.

ಎರಡನೆಯದು ರೋಗಿಷ್ಠ ಮರಿಯನ್ನು ಬೇಗನೆ ಗುರುತಿಸಿ ಹೊರಹಾಕುವುದು. ದಾದಿ ನೊಣಗಳು ಮುಚ್ಚಳದ ಮೇಲಿಂದಲೇ ವಾಸನೆ ಹಿಡಿದು, ಒಳಗಿನ ಹುಳುವಿಗೆ ಬೇನೆ ಬಂದಿದೆಯೆಂದು ತಿಳಿದು, ಮೇಣವನ್ನು ಕಡಿದು ತೆಗೆದು ಅದನ್ನು ಎಳೆದುಹಾಕುತ್ತವೆ. ರೋಗಾಣುಗಳು ಹೆಚ್ಚಿ ಹರಡುವ ಮೊದಲೇ ಇದು ನಡೆದರೆ ಕುಟುಂಬವು ಉಳಿಯುವುದು, ತಡವಾದರೆ ಉಳಿಯದು. ಎಲ್ಲ ಕುಟುಂಬಗಳಿಗೂ ಈ ಗುಣವು ಸಮನಾಗಿಲ್ಲ. ಇದು ವಂಶದಿಂದ ಬರುವ ಗುಣವೆಂದು ಅಮೇರಿಕದ ರಾಥೆನ್‌ಬ್ಯೂಲರ್ ಎಂಬ ಪಂಡಿತರು ೧೯೬೪ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿದರು. ನಮ್ಮ ಹುಡುಗಿಯರು ಕಂಡ ದೃಶ್ಯದ ಅರ್ಥವು ಇದೇ. ಹೊರಬಿದ್ದ ಹುಳುಗಳು ಬದುಕುವ ಹಾಗಿರಲಿಲ್ಲ. ಒಳಗುಳಿದವುಗಳನ್ನು ಬದುಕಿಸಲಿಕ್ಕಾಗಿ ಅವುಗಳನ್ನು ಹೊರಗೆ ತಂದಿದ್ದರು.

ಮೂರನೆಯದು ನನಗೆ ಎಲ್ಲಕ್ಕಿಂತ ಮನಮುಟ್ಟುವ ಸಂಗತಿ. ಸತ್ತ ಹುಳುವನ್ನು ತೆಗೆಯುವ ದಾದಿಯು ಅದರ ನೀರಿನೊಡನೆ ವೈರಸ್ಸನ್ನು ನುಂಗುವಳು. ಅದು ಅವಳ ತಲೆಯಲ್ಲಿರುವ, ಮರಿಗಳ ಆಹಾರವನ್ನು ಸ್ರವಿಸುವ ಗ್ರಂಥಿಗಳಲ್ಲಿ ಸೇರುವುದು. ಅವಳು ಹಾಗೆಯೇ ಉಣಿಸುತ್ತ ಹೋದರೆ ಉಣಿಸಿದ ಮರಿಗಳಿಗೆಲ್ಲ ರೋಗವನ್ನು ಹಂಚಿದಂತಾಗುವುದು. ಆದರೆ ಸೋಂಕು ತಗುಲಿದ ದಾದಿಯು ಪರಾಗವನ್ನು ತಿನ್ನುವುದನ್ನು ಬಿಡುತ್ತಾಳೆ. ಮರಿಗಳನ್ನು ಉಣಿಸುವುದನ್ನೂ ಬಿಡುತ್ತಾಳೆ. ವಯಸ್ಸಿಗೆ ಮುಂಚಿತವಾಗಿಯೇ ಮಕರಂದವನ್ನು ತರುವ ಹೊರಗೆಲಸಕ್ಕೆ ಹೊರಟುಹೋಗುತ್ತಾಳೆ. ತೀರ ಬೇನೆಬಿದ್ದ ನೊಣಗಳು ಗೂಡನ್ನು ತಾವಾಗಿಯೇ ಬಿಟ್ಟುಹೋಗಿ ಹೊರಗೆ ಸಾಯುವುದನ್ನೂ ನೋಡಿದ್ದಾರೆ. ಇದಕ್ಕೆ ನಾವು ತ್ಯಾಗವೆಂದು ಹೆಸರಿಡಬಾರದು; ನೊಣಕ್ಕೆ ನಮ್ಮಂತೆ ವಿವೇಚನೆಯಿದೆಯೆಂದು ಹೇಳಲು ಆಧಾರವಿಲ್ಲ. ಆದಾಗ್ಯೂ ೨೦೨೦ರಲ್ಲಿ ಶಾಲೆಯನ್ನು ಮುಚ್ಚಿ ಮನೆಯ ಒಳಗೆ ಕುಳಿತ ನಾವು ಈ ನಡತೆಯ ಬೆಲೆಯನ್ನು ಅರಿಯಬಲ್ಲೆವು.

ನಾಲ್ಕನೆಯದು ಸ್ಥಳತ್ಯಾಗ. ಇಟಾಲಿಯನ್ ಜೇನಿಗಿಂತ ತುಡುವೆಯು ಬಹು ಸುಲಭವಾಗಿ ಗೂಡನ್ನು ಬಿಟ್ಟುಹೋಗುವುದು. ಸಾಕುವವರಿಗೆ ಇದೊಂದು ದೊಡ್ಡ ದೋಷವಾಗಿ ತೋರುತ್ತದೆ. ಆದರೆ ಕುಟುಂಬದ ದೃಷ್ಟಿಯಿಂದ ನೋಡಿದರೆ, ಮೇಣದ ಪತಂಗದ ಹುಳುಗಳು ಹೊಕ್ಕ ಅಥವಾ ರೋಗದ ಸಿಪ್ಪೆಗಳಿಂದ ತುಂಬಿದ ಹಳೆಯ ಎರಿಗಳನ್ನು ಬಿಟ್ಟು ಹೊಸ ಮನೆಯನ್ನು ಕಟ್ಟುವುದು ಒಂದು ಚಿಕಿತ್ಸೆಯೇ ಸರಿ. ಹೊಸ ಎರಿಯಲ್ಲಿ ಮರಿಯಾಗುವವರೆಗೆ ಕೆಲವು ದಿನ ರೋಗಾಣುವಿಗೆ ಆಶ್ರಯವಿಲ್ಲದಾಗುವುದು. ಅನುಭವಸ್ಥರಾದ ಜೇನುಸಾಕಣೆಗಾರರು ರೋಗಕಾಲದಲ್ಲಿ ರಾಣಿಯನ್ನು ಕೆಲವು ವಾರ ಚಿಕ್ಕ ಪಂಜರದಲ್ಲಿ ಇಟ್ಟು ತತ್ತಿಯಿಡುವುದನ್ನು ನಿಲ್ಲಿಸುವುದು ಇದೇ ಕ್ರಮದ ಅನುಕರಣೆಯಾಗಿದೆ.

ಐದನೆಯದು ಬೀಡಾರದ ಹವೆಯೂ ಆಹಾರವೂ. ಮರಿಗಳಿರುವ ಭಾಗವನ್ನು ನೊಣಗಳು ಮೈಯ ಕಾವಿನಿಂದಲೂ ರೆಕ್ಕೆಯ ಗಾಳಿಯಿಂದಲೂ ೩೪-೩೫ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಇಡುತ್ತವೆ. ಸುಣ್ಣದಂತೆ ಮರಿಯನ್ನು ಗಟ್ಟಿಮಾಡುವ ಒಂದು ಬೂಷ್ಟುರೋಗವು ತಂಪಿನಲ್ಲಿ ಬೆಳೆಯುವಂಥದು. ಆ ಬೂಷ್ಟು ಸೇರಿದೊಡನೆ ಇಟಾಲಿಯನ್ ಜೇನಿನ ಜಾತಿಯ ಕುಟುಂಬಗಳು ಗೂಡಿನ ಕಾವನ್ನು ಇನ್ನೂ ಸ್ವಲ್ಪ ಏರಿಸಿದ್ದನ್ನು ೨೦೦೦ದಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಇದು ಇಡೀ ಮನೆಗೆ ಬಂದ ಜ್ವರದಂತೆ. ಜೇನುತುಪ್ಪವಂತೂ ತಾನೇ ಒಂದು ಕಾವಲು. ಅದರಲ್ಲಿ ನೀರು ಕಡಿಮೆ, ಹುಳಿ ಇದೆ; ನೊಣವು ಬೆರೆಸುವ ಒಂದು ಕಿಣ್ವದಿಂದ ಹೈಡ್ರೋಜನ್ ಪೆರಾಕ್ಸೈಡ್ ಎಂಬ ಕ್ರಿಮಿನಾಶಕವು ಸ್ವಲ್ಪಸ್ವಲ್ಪವಾಗಿ ಹುಟ್ಟುತ್ತಿರುವುದು. ನಸರಿಯೂ ಇಟಾಲಿಯನ್ ಜೇನೂ ಮರದ ಅಂಟನ್ನು ತಂದು ಗೋಡೆಗೆ ಮೆತ್ತಿ ರೋಗಾಣುಗಳನ್ನು ತಡೆಯುತ್ತವೆ. ತುಡುವೆಯು ಅಂಟನ್ನು ತರುವುದಿಲ್ಲ, ಅದರ ಭರವಸೆಯೆಲ್ಲ ಶುಚಿತ್ವದ ಮೇಲೆಯೇ.

ಆರನೆಯದು ಮನೆಯೊಳಗಿನ ವೈವಿಧ್ಯ. ರಾಣಿಯು ತನ್ನ ಹಾರಾಟದ ಕಾಲದಲ್ಲಿ ಹತ್ತಕ್ಕಿಂತ ಹೆಚ್ಚು ಗಂಡುನೊಣಗಳನ್ನು ಕೂಡುವುದು. ಆದುದರಿಂದ ಒಂದೇ ಮನೆಯ ಕೆಲಸಗಾರ ನೊಣಗಳು ಒಬ್ಬಳೇ ತಾಯಿಯ ಮಕ್ಕಳಾದರೂ ಅನೇಕ ತಂದೆಗಳ ಸಂತತಿಯಾಗಿರುತ್ತವೆ. ಒಂದು ವಂಶಕ್ಕೆ ತಗಲುವ ರೋಗವು ಇನ್ನೊಂದಕ್ಕೆ ಅಷ್ಟು ತಗಲದು. ಒಬ್ಬಳ ಮೂಗು ಮಂದವಾದರೆ ಇನ್ನೊಬ್ಬಳದು ಚುರುಕಾಗಿರುವುದು.

ಈ ನಡತೆಗಳ ಬಲವೆಷ್ಟೆಂಬುದಕ್ಕೆ ಜಗತ್ಪ್ರಸಿದ್ಧವಾದ ಒಂದು ನಿದರ್ಶನವಿದೆ. ವರೋವಾ ಎಂಬ ಕೆಂಪು ನುಸಿಯು ಮೂಲತಃ ತುಡುವೆಯ ಜಾತಿಯ ಮೇಲೆ ಬದುಕುವ ಜಂತು. ತುಡುವೆಯು ಅದರೊಡನೆ ಬಹುಕಾಲದಿಂದ ಬಾಳಿ ಬಂದಿದೆ. ನೊಣಗಳು ತಮ್ಮ ಮೈಯನ್ನೂ ಪರಸ್ಪರರ ಮೈಯನ್ನೂ ಬಾಚಿ ನುಸಿಗಳನ್ನು ಕಚ್ಚಿ ಎಸೆಯುತ್ತವೆ. ನುಸಿಯು ಗಂಡುಮರಿಗಳ ಕಣಗಳಲ್ಲಿ ಮಾತ್ರ ಚೆನ್ನಾಗಿ ಸಂತಾನವನ್ನು ಬೆಳೆಸಬಲ್ಲದು. ಬಹಳ ನುಸಿ ಮುತ್ತಿದ ಗಂಡುಮರಿಯು ತನ್ನ ಗಟ್ಟಿಯಾದ ಮುಚ್ಚಳವನ್ನು ತೆರೆಯಲಾರದೆ ಒಳಗೇ ಸತ್ತು, ನುಸಿಗಳೂ ಅದರೊಡನೆ ಸಮಾಧಿಯಾಗುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯರು ಇಟಾಲಿಯನ್ ಜೇನನ್ನೂ ಅದರ ಬಂಧುಗಳನ್ನೂ ಏಷ್ಯಾಕ್ಕೆ ತಂದು ತುಡುವೆಯ ನೆರೆಯಲ್ಲಿ ಇಟ್ಟಾಗ ನುಸಿಯು ಅವುಗಳ ಮೈಯನ್ನು ಹತ್ತಿತು. ಆ ಜೇನುಗಳಿಗೆ ಈ ಕಲೆಗಳು ಅಷ್ಟಾಗಿ ತಿಳಿಯವು. ಅಲ್ಲಿಂದ ಪೆಟ್ಟಿಗೆಗಳೊಡನೆ ಪ್ರಪಂಚವನ್ನೆಲ್ಲ ಸುತ್ತಿ ಲಕ್ಷಾವಧಿ ಕುಟುಂಬಗಳನ್ನು ಕೆಡಿಸಿ, ಬಹುಕಾಲ ತಪ್ಪಿಸಿಕೊಂಡಿದ್ದ ಆಸ್ಟ್ರೇಲಿಯವನ್ನೂ ೨೦೨೨ರಲ್ಲಿ ಮುಟ್ಟಿತು. ನಮ್ಮ ಗೋಡೆಯ ಸಂದಿನ ಚಿಕ್ಕ ನೊಣವು ಸದ್ದಿಲ್ಲದೆ ತಡೆದಿಟ್ಟ ಶತ್ರುವನ್ನು ದೊಡ್ಡ ದೊಡ್ಡ ದೇಶಗಳು ಔಷಧಿಗಳಿಂದಲೂ ಪೂರ್ಣವಾಗಿ ಗೆಲ್ಲಲಿಲ್ಲ.

ಹಾಗಾದರೆ ೧೯೯೧ರಲ್ಲಿ ತುಡುವೆಯು ಸೋತದ್ದೇಕೆ ಎಂದು ನೀವು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದು. ನುಸಿಯು ಹಳೆಯ ಪರಿಚಯದ್ದು. ಈ ವೈರಸ್ಸು ನಮ್ಮ ಭಾಗಕ್ಕೆ ಹೊಸದು. ನಡತೆಯ ರಕ್ಷಣೆಯು ಮಂತ್ರವಲ್ಲ. ಅದು ತಲೆಮಾರುಗಳಲ್ಲಿ ಕೆಲಸಮಾಡುವುದು, ಮತ್ತು ಅದರ ಬೆಲೆಯು ಬಹು ಕಠಿನವಾದದ್ದು. ಮರಿಗಳನ್ನು ಬೇಗ ತೆಗೆಯಲಾರದ ಕುಟುಂಬಗಳು ಅಳಿದವು. ತೆಗೆಯಬಲ್ಲವು ಕಾಡಿನ ಪೊಟರೆಗಳಲ್ಲಿಯೂ ಹುತ್ತಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಉಳಿದು ಪಾಲಾಗಿ ಹಬ್ಬಿದವು. ರೋಗಕ್ಕೆ ಜಗ್ಗದೆ ಉಳಿದ ಇಂಥ ಕುಟುಂಬಗಳನ್ನು ಆರಿಸಿ ಬೆಳೆಸುವುದೇ ಮುಂದೆ ಜೇನುತಜ್ಞರ ಮಾರ್ಗವೂ ಆಯಿತು. ಪೆಟ್ಟಿಗೆಗಳನ್ನು ಸುಟ್ಟ ಐದಾರು ವರ್ಷಗಳ ಮೇಲೆ ನನ್ನ ಅಜ್ಜನು ಮತ್ತಿಯ ಮರದ ಪೊಟರೆಯಲ್ಲಿ ಒಂದು ತುಡುವೆಯನ್ನು ಕಂಡು ಬಂದು, ಯಾರೊಡನೆಯೂ ಮಾತಾಡದೆ ಬಹಳ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದನಂತೆ. ಅದನ್ನು ಅವನು ಪೆಟ್ಟಿಗೆಗೆ ಹಿಡಿಯಲಿಲ್ಲ. "ಅದು ಅಲ್ಲಿಯೇ ಇರಲಿ" ಎಂದನಂತೆ. ಖಾನಾಪುರದ ಕಾಡುಗಳು, ೨೦೧೧ರಲ್ಲಿ ಅಭಯಾರಣ್ಯವೆಂದು ಘೋಷಿಸಲ್ಪಟ್ಟ ಭೀಮಗಡವೂ ಸೇರಿ, ಮರಗಳನ್ನು ಮಾತ್ರವಲ್ಲದೆ ಇಂಥ ಬೀಜದ ಕುಟುಂಬಗಳನ್ನೂ ಕಾಪಾಡುತ್ತವೆಂಬುದನ್ನು ನಾವು ಮರೆಯಬಾರದು.

ಆದುದರಿಂದ ಮನುಷ್ಯನ ಮುಖ್ಯ ಕರ್ತವ್ಯವು ಜೇನಿಗೆ ವೈದ್ಯನಾಗುವುದಕ್ಕಿಂತಲೂ ಅದರ ಸ್ವಂತ ವೈದ್ಯಕ್ಕೆ ಅಡ್ಡಬಾರದೆ ಇರುವುದಾಗಿದೆ. ಪೆಟ್ಟಿಗೆಗಳನ್ನಿಟ್ಟಿರುವ ಸೋದರಿಯರು ಈ ಕೆಲವು ಮಾತುಗಳನ್ನು ಗಮನದಲ್ಲಿಡಬೇಕು. ರೋಗದ ಸಂದೇಹವಿರುವ ಪೆಟ್ಟಿಗೆಯ ಎರಿ, ತುಪ್ಪ, ಚೌಕಟ್ಟುಗಳನ್ನು ಎಂದಿಗೂ ಇನ್ನೊಂದಕ್ಕೆ ಕೊಡಬೇಡಿರಿ. ಅದನ್ನು ಮುಟ್ಟಿದ ಕೈಯನ್ನೂ ಚೂರಿಯನ್ನೂ ತೊಳೆಯದೆ ಬೇರೆ ಪೆಟ್ಟಿಗೆಯನ್ನು ತೆರೆಯಬೇಡಿರಿ. ಕಪ್ಪಾದ ಹಳೆಯ ಎರಿಗಳನ್ನು ಕಾಲಕಾಲಕ್ಕೆ ತೆಗೆದುಹಾಕಿರಿ. ತುಪ್ಪವನ್ನೆಲ್ಲ ಹಿಂಡಿಕೊಳ್ಳದೆ ಮಳೆಗಾಲದ ಉಣಿಸನ್ನು ಅವಕ್ಕೆ ಬಿಡಿರಿ, ಹಸಿದ ಮನೆಯಲ್ಲಿ ದಾದಿಯರೂ ಶುಚಿತ್ವವೂ ಎರಡೂ ಕಡಿಮೆಯಾಗುತ್ತವೆ. ದೂರದಿಂದ ಕೊಂಡ ಕುಟುಂಬವನ್ನು ಸ್ವಲ್ಪಕಾಲ ಬೇರೆಯಾಗಿ ಇಟ್ಟು ನೋಡಿರಿ. ಮರಿಗಳು ಸಾಯುತ್ತಿದ್ದರೆ ಸಂತೆಯ ಪುಡಿಯನ್ನು ನಂಬದೆ ತೋಟಗಾರಿಕೆ ಇಲಾಖೆಯವರನ್ನು ವಿಚಾರಿಸಿರಿ.

ಪಟ್ಟಣದ ಪಾಲಕರಿಗೂ ಕೆಲಸವಿದೆ. ಹೂಬಿಟ್ಟ ಗಿಡಕ್ಕೆ ಹಗಲಿನಲ್ಲಿ ಕೀಟನಾಶಕವನ್ನು ಸಿಂಪಡಿಸಬೇಡಿರಿ. ನೊಣವು ಅದರಿಂದ ಕೂಡಲೆ ಸಾಯದಿದ್ದರೂ ಕೆಲವು ವಿಷಗಳು ಅದರ ನೆನಪನ್ನೂ ರೋಗವನ್ನು ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಕಾರಖಾನೆಯ ಆವರಣದಲ್ಲಿ ಬರಿಯ ಹುಲ್ಲಿನ ಬದಲು ನೇರಳೆ, ಹೊಂಗೆ, ನುಗ್ಗೆ, ತುಳಸಿಗಳನ್ನು ಹಚ್ಚಿದರೆ ವರ್ಷದ ಬೇರೆಬೇರೆ ತಿಂಗಳುಗಳಲ್ಲಿ ಹೂವು ಸಿಗುವುದು. ನಾನಾ ಹೂಗಳ ಪರಾಗವನ್ನು ತಿಂದ ನೊಣವು ಹೆಚ್ಚು ದೃಢವಾಗಿರುತ್ತದೆ.

ಇನ್ನು ನಮ್ಮ ಗೋಡೆಯ ಜೇನಿನ ಮಾತು. ಹುಳುಗಳು ಸುಮಾರು ಒಂದು ತಿಂಗಳು ಬೀಳುತ್ತಲೇ ಇದ್ದವು. ಹುಡುಗಿಯರು ಪ್ರತಿದಿನ ಅವುಗಳನ್ನು ಎಣಿಸಿ ಗೋಡೆಪತ್ರಿಕೆಯಲ್ಲಿ ಬರೆದಿಡುತ್ತಿದ್ದರು. ಎಣಿಕೆಯು ಏರಿತು, ಇಳಿಯಿತು, ಪುನಃ ಏರಿತು. ಜನವರಿಯ ಒಂದು ಬೆಳಿಗ್ಗೆ ಸಂದು ಬರಿದಾಗಿತ್ತು. ಆ ಹುಡುಗಿಯು ಕಣ್ಣೀರು ತಂದುಕೊಂಡಳು. ಕಾವಲುಗಾರನು ನನ್ನ ಕಡೆಗೆ ನೋಡಿದನೇ ಹೊರತು ಏನನ್ನೂ ಹೇಳಲಿಲ್ಲ. ನಾವು ಸಂದನ್ನು ಕೆರೆದು, ಹಳೆಯ ಎರಿಗಳನ್ನು ತೆಗೆದು ಸುಟ್ಟು, ಬಾಯನ್ನು ತೆರೆದೇ ಇಟ್ಟೆವು. ಏಪ್ರಿಲ್ ತಿಂಗಳಲ್ಲಿ, ಪರೀಕ್ಷೆಗಳು ಮುಗಿದು ಶಾಲೆಯು ನಿಶ್ಶಬ್ದವಾಗಿದ್ದಾಗ, ಒಂದು ಹೊಸ ಹಿಂಡು ಬಂದು ಅಲ್ಲಿ ನೆಲೆಸಿತು.

ಜೂನಿನಲ್ಲಿ ಶಾಲೆ ತೆರೆದ ದಿನ ಆ ಹುಡುಗಿಯು ಮೊದಲು ಗೋಡೆಯ ಕಡೆಗೆ ಹೋಗಿ, ಬಳಿಕ ನನ್ನ ಕೋಣೆಗೆ ಬಂದಳು. ಈ ಸಲ ಅವಳ ಅಂಗೈ ಬರಿದಾಗಿತ್ತು. "ಬಾಯಿಯವರೇ, ಕೆಳಗೆ ಒಂದು ಹುಳುವೂ ಬಿದ್ದಿಲ್ಲ" ಎಂದಳು. ಸೀಮೆಎಣ್ಣೆಯ ಡಬ್ಬಿಯು ಈಗ ಉಗ್ರಾಣದಲ್ಲಿದೆ.